ತಂಗಿ ಹೇಳಿದ ರೇಟು

ನನ್ನ ತಂಗಿ ತನ್ನ ಹಿತ್ತಲಿನ ಎಣ್ಣೆ ಟ್ಯಾಂಕನ್ನು ಆರುನೂರು ಪೌಂಡಿಗೆ ತೆಗೆಸಿದಳು ಎಂದು ಕೇಳಿದ ದಿನ ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಯುಗಾದಿಯ ಮಧ್ಯಾಹ್ನ, ಅವಳ ಮನೆಯಲ್ಲೇ ಊಟ. ಟ್ಯಾಂಕ್ ಇದ್ದ ಜಾಗದಲ್ಲಿ ಹುಲ್ಲು ಹಾಸಿ ಮೂರು ಗುಲಾಬಿ ಗಿಡ ನೆಟ್ಟಿದ್ದಳು. ಅವು ನಾನು ಕೂತಲ್ಲಿಗೇ ಕಾಣುತ್ತಿದ್ದವು. ಎಷ್ಟಾಯಿತು ಎಂದು ಕೇಳಿದವನು ನನ್ನ ಗಂಡ. ತಂಗಿ ಅವ್ವನ ಹೋಳಿಗೆಗೆ ತುಪ್ಪ ಹಾಕುತ್ತಾ, ತಲೆ ಎತ್ತದೆ, "ಆರನೂರ ಆತು ಭಾವ" ಎಂದಳು.

ನನ್ನ ಕೈಚೀಲದಲ್ಲಿದ್ದ ಫೋನಿನಲ್ಲಿ ಹಿಂದಿನ ವಾರ ಬಂದ ಒಂದು ಕೊಟೇಶನ್ ಇತ್ತು. ಅದೇ ಬೀದಿ, ಅದೇ ಬಗೆಯ ಟ್ಯಾಂಕ್, ಸಾವಿರದ ಒಂಬೈನೂರು ಪೌಂಡು. ಊಟದ ನಡುವೆ ಆ ಮಾತು ಎತ್ತಬೇಕು, "ಅವ್ವನ ಸಲುವಾಗಿ ಇಷ್ಟು ಖರ್ಚು ಮಾಡುತ್ತಿದ್ದೇನೆ" ಎಂದು ಎಲ್ಲರಿಗೂ ತಿಳಿಯುವಂತೆ ಹೇಳಬೇಕು ಎಂದುಕೊಂಡು ಬಂದಿದ್ದೆ. ಕೈಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದೆ.

ನಾವಿರುವುದು ಅಕ್ಸ್‌ಬ್ರಿಡ್ಜ್ ದಾಟಿ, ಬಸ್ಸು ಗಂಟೆಗೊಂದು ಬರುವ ಕಡೆ. ಲಂಡನ್ ಎಂದು ಹೇಳಿಕೊಳ್ಳಬಹುದು, ಕಸದ ಬಿನ್ ಒಯ್ಯುವುದೂ ಲಂಡನ್ ಕೌನ್ಸಿಲ್‌ನವರೇ. ಆದರೆ ನಮ್ಮ ಬೀದಿಗೆ ಗ್ಯಾಸಿನ ಪೈಪು ಬಂದಿಲ್ಲ. ಮನೆ ಬೆಚ್ಚಗಿಡಲು ಪ್ರತಿ ಮನೆಯ ಹಿಂದೆಯೂ ಒಂದು ಎಣ್ಣೆಯ ಟ್ಯಾಂಕು. ಲಾರಿಯವನು ಬಂದು ಉದ್ದನೆಯ ಪೈಪಿನಿಂದ ತುಂಬಿಸಿ ಹೋಗುತ್ತಾನೆ. ಈಗೀಗ ಒಬ್ಬೊಬ್ಬರೇ ಕರೆಂಟಿನಿಂದ ಮನೆ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸಿಕೊಂಡು ಟ್ಯಾಂಕು ತೆಗೆಸುತ್ತಿದ್ದಾರೆ. ತಂಗಿ ಹಾಕಿಸಿದಳು, ಮೂರು ತಿಂಗಳಿಗೆ ನಾನೂ ಹಾಕಿಸಿದೆ.

ಈ ಬೀದಿಗೂ ಮೊದಲು ಬಂದವಳು ಅವಳೇ. ಎರಡು ವರ್ಷಕ್ಕೆ ಹತ್ತು ಮನೆ ಆಚೆ ನಾನು ಮನೆ ತೆಗೆದುಕೊಂಡೆ. ಅಕ್ಕತಂಗಿಯರು ಹತ್ತಿರ ಇರೋಣ ಎಂದು ಎಲ್ಲರಿಗೂ ಹೇಳಿದೆ. ಅವ್ವ ಅವಳ ಮನೆಯಲ್ಲಿದ್ದಳು, ಅದಕ್ಕೇ ಬಂದೆ. ಈಗ ಮುಚ್ಚಿಟ್ಟು ಏನಾಗಬೇಕಿದೆ?

ಅಪ್ಪ ಧಾರವಾಡದಿಂದ ನಮ್ಮನ್ನು ಇಲ್ಲಿಗೆ ಕರೆತಂದಾಗ ನನಗೆ ಹನ್ನೊಂದು ವರ್ಷ, ತಂಗಿಗೆ ಐದು. ಕ್ವೀನ್ಸ್‌ಬರಿಯಲ್ಲಿ ಮೂರನೆಯ ಮಹಡಿಯ ಫ್ಲ್ಯಾಟು, ಲಿಫ್ಟ್ ಇಲ್ಲ. ಅಪ್ಪ ಹೋದ ಮೇಲೂ ಅವ್ವ ಆ ಮೆಟ್ಟಿಲು ಹತ್ತಿ ಇಳಿದು ಒಬ್ಬಳೇ ಇದ್ದಳು. ಎರಡೂ ಮೊಣಕಾಲಿನ ಆಪರೇಷನ್ ಆದ ಮೇಲೆ ಆಗಲಿಲ್ಲ. ತಂಗಿಯ ಮನೆಯಲ್ಲಿ ಕೆಳಗೇ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡು ಬಚ್ಚಲು ಇತ್ತು. ಆಗ ನಾನಿದ್ದದ್ದು ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನಲ್ಲಿ, ಎಲ್ಲಾ ಮಲಗುವ ಕೋಣೆಗಳೂ ಮೇಲೆ. ಯಾರ ಮನೆಗೆ ಎಂಬ ಪ್ರಶ್ನೆಯೇ ಏಳಲಿಲ್ಲ. ಸೂಟ್‌ಕೇಸುಗಳು ತಂಗಿಯ ಕಾರಿಗೆ ಹೋದವು. ನಾನು ಹಿರಿಯ ಮಗಳು, ಫ್ಲ್ಯಾಟಿನ ಬೀಗದ ಕೈ ತಿರುಗಿಸಿ ಏಜೆಂಟಿಗೆ ಕೊಟ್ಟು ಬಂದೆ.

ಹತ್ತಿರ ಬಂದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಅಲ್ಲಿಯವರೆಗೆ ಕಣ್ಣಿಗೆ ಬೀಳದಿದ್ದದ್ದೆಲ್ಲ ಈಗ ದಿನಾ ಬೀಳತೊಡಗಿತು. ಅವ್ವನ ಮಾತ್ರೆಯ ಡಬ್ಬಿ ಅವರ ಅಡುಗೆಮನೆಯ ಕಿಟಕಿಯಲ್ಲಿ. ಅವ್ವನ ಜಿಪಿ, ಅಂದರೆ ಮನೆ ಡಾಕ್ಟರು, ಅವರ ಜಿಪಿಯೇ. ತಂಗಿಯ ಮಗಳು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅವ್ವನ ಜೊತೆ ಮಾತ್ರ "ಹೌದ ನೋಡs ಅಜ್ಜಿ" ಎಂದು ಅಚ್ಚ ಧಾರವಾಡದಲ್ಲಿ ರಾಗ ಎಳೆಯುತ್ತಿದ್ದಳು. ನನ್ನ ಮಗನಿಗೆ ಅಷ್ಟು ಕನ್ನಡವೂ ಬರಲಿಲ್ಲ. ಅದಕ್ಕೂ ತಂಗಿಯ ಮೇಲೆಯೇ ಸಿಟ್ಟು. ಒಂದು ದಿನ ಅವ್ವ ಫೋನಿನಲ್ಲಿ "ಸಂಜಿಮುಂದ ನಮ್ಮ ಮನೀಗೆ ಬಾರವಾ" ಎಂದಳು. ನಮ್ಮ ಮನೆ! ಫೋನ್ ಇಟ್ಟು ತುಂಬ ಹೊತ್ತು ಆ ಮಾತನ್ನೇ ಅಗಿಯುತ್ತಾ ಕೂತೆ. ಸಂಜೆ ತಲೆನೋವೆಂದು ಹೋಗಲಿಲ್ಲ.

ಅವ್ವ ನನ್ನ ಮನೆಗೂ ಬರುತ್ತಿದ್ದಳು. ವಾಕರ್ ಹಿಡಿದು ಹತ್ತು ಮನೆ ದಾಟಲು ಕಾಲು ಗಂಟೆ. ಬಂದು ಕೂತು, ಚಹಾ ಕುಡಿದು, ಎರಡು ಮಾತು ಆಡುವಷ್ಟರಲ್ಲಿ ಅವಳು ಕಾಲು ಜೋಡಿಸಿಕೊಳ್ಳುತ್ತಿದ್ದಳು. ನನ್ನ ಬಚ್ಚಲು ಮೇಲೆ, ಹದಿನಾಲ್ಕು ಮೆಟ್ಟಿಲ ಮೇಲೆ. "ಬರತೇನಿ ತಡಿ, ನಾಳೆ ಬರತೇನಿ" ಎಂದು ಎದ್ದುಬಿಡುತ್ತಿದ್ದಳು. ನನ್ನ ಅವ್ವ ನನ್ನ ಮನೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಕೂರಲಾರಳು, ಅದಕ್ಕೆ ಕಾರಣ ಅವಳ ಮೂತ್ರ, ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಹಾಗೆ.

ಹಾಗಾಗಿ ಕೆಳಗೊಂದು ಕೋಣೆ ಕಟ್ಟಿಸಲೇಬೇಕಿತ್ತು, ಬಚ್ಚಲು ಸಮೇತ. ಅದಾದರೆ ಅವ್ವ ನನ್ನಲ್ಲಿಗೆ ಬರುತ್ತಾಳೆ. ಕಟ್ಟುವವನು ಬಂದು ಅಳೆದು ನೋಡಿ, ಒಂದು ಕಡೆ ಪಕ್ಕದ ಮನೆಯ ಬೇಲಿ, ಇನ್ನೊಂದು ಕಡೆ ಚರಂಡಿ, ಅಡುಗೆಮನೆಯ ಹಿಂದೆ ಮಾತ್ರ ಸಾಧ್ಯ ಎಂದ. ಅಡುಗೆಮನೆಯ ಹಿಂದೆ ನಾಲ್ಕು ಇಟ್ಟಿಗೆಯ ಕಂಬಗಳ ಮೇಲೆ, ತುಕ್ಕು ಹಿಡಿದ ಹೊಟ್ಟೆ ಮುಂದೆ ಮಾಡಿಕೊಂಡು ಆ ಟ್ಯಾಂಕು ಕೂತಿತ್ತು.

ಸಾವಿರದ ಒಂಬೈನೂರು ಹೇಳಿದವನು ವಯಸ್ಸಾದ ಇಂಗ್ಲಿಷಿನವನು, ಜೀವನವೆಲ್ಲ ಟ್ಯಾಂಕುಗಳನ್ನೇ ತೆಗೆದವನು. ತಳದಲ್ಲಿ ಉಳಿದ ಎಣ್ಣೆಯನ್ನು ಪಂಪಿನಿಂದ ಎಳೆಯಬೇಕು, ಒಳಗೆ ಇಳಿದು ರಾಡಿ ತೊಳೆಯಬೇಕು, ಕಿಡಿ ಹಾರದ ಹಾಗೆ ಕತ್ತರಿಸಬೇಕು, ಆಮೇಲೆ ಒಯ್ಯಬೇಕು, ಕೊನೆಗೆ ನಿಮಗೊಂದು ಸರ್ಟಿಫಿಕೇಟ್ ಎಂದು ಬೆರಳು ಮಡಚುತ್ತಾ ತಾಳ್ಮೆಯಿಂದ ವಿವರಿಸಿದ್ದ. ಯುಗಾದಿಯ ಮಾರನೆಯ ದಿನ ಅವನಿಗೆ ಬೇಡವೆಂದು ಬರೆದೆ. ಮನಸ್ಸಿನಲ್ಲಿ ಅವನನ್ನು ಕಳ್ಳನೆಂದೂ ಬೈದೆ. ಆಮೇಲೆ ಇನ್ನೂ ನಾಲ್ಕು ಜನರನ್ನು ಕರೆಸಿದೆ. ಒಬ್ಬ ಸಾವಿರದ ಏಳುನೂರು, ಒಬ್ಬ ಎರಡು ಸಾವಿರದ ಮೇಲೆ. ಆರುನೂರರ ಹತ್ತಿರ ಒಬ್ಬನೂ ಬರಲಿಲ್ಲ. ಒಬ್ಬನಿಗಂತೂ ನನ್ನ ತಂಗಿಗೆ ಆರುನೂರಕ್ಕೆ ಮಾಡಿಕೊಟ್ಟಿದ್ದಾರೆ ಎಂದು ಹೇಳಿಯೇ ಬಿಟ್ಟೆ. ಹಾಗಾದರೆ ಅವರನ್ನೇ ಕರೆಯಿರಿ ಎಂದು ಅವನು ನಗುತ್ತಾ ವ್ಯಾನು ಹತ್ತಿದ.

ಸರಿಯಾದ ಮಾತೇ. ತಂಗಿಗೆ ಒಂದು ಫೋನ್ ಮಾಡಿ "ಯಾರ ತೆಗದ್ರು, ನಂಬರ್ ಕೊಡು" ಎಂದಿದ್ದರೆ ಮುಗಿಯುತ್ತಿತ್ತು. ನನ್ನಿಂದ ಆಗಲಿಲ್ಲ. ಚಿಕ್ಕವಳು ಮೊದಲೇ ಎಲ್ಲ ಮಾಡಿ ಮುಗಿಸಿದ್ದನ್ನು, ದೊಡ್ಡವಳಾದ ನಾನು ಹೋಗಿ ಕೇಳಬೇಕೆ? ಹಲ್ಲು ಕಚ್ಚಿಕೊಂಡು ಬೇಸಿಗೆ ಕಳೆದೆ, ದೀಪಾವಳಿಯೂ ಕಳೆಯಿತು.

ನನ್ನ ಗಂಡ ಬೆಂಗಳೂರಿನವನು, ನಮ್ಮಂತೆ ಕೂಗಾಡುವ ಅಭ್ಯಾಸವಿಲ್ಲ. ಒಂದು ದಿನ ಸಾಕಾಗಿ ಹೇಳಿದ, "ಕೊಟ್ಟು ತೆಗೆಸ್ಬಿಡೋಣ ಕಣೇ. ಅಮ್ಮನಿಗೆ ಎಪ್ಪತ್ತೆಂಟಾಯ್ತು. ನೀನು ಟ್ಯಾಂಕ್ ತೆಗೆಸ್ತಿದೀಯಾ, ಇಲ್ಲ ತಂಗಿ ಜೊತೆ ಪಂದ್ಯ ಆಡ್ತಿದೀಯಾ?"

"ರೊಕ್ಕ ಏನ ಗಿಡದಾಗ ಬೆಳಿತಾವನು?" ಎಂದು ಅವನ ಬಾಯಿ ಮುಚ್ಚಿಸಿದೆ.

ಫೆಬ್ರವರಿಯಲ್ಲಿ ಕ್ವೀನ್ಸ್‌ಬರಿಗೆ ಸಾಮಾನು ತರಲು ಹೋದಾಗ ತರಕಾರಿ ಅಂಗಡಿಯ ಗಾಜಿಗೆ ಅಂಟಿಸಿದ ಒಂದು ಚೀಟಿ ಕಂಡಿತು. ಹಿತ್ತಲು ಚೊಕ್ಕ ಮಾಡುತ್ತೇವೆ, ಶೆಡ್ಡು, ಟ್ಯಾಂಕು, ಏನಿದ್ದರೂ ಒಯ್ಯುತ್ತೇವೆ. ಫೋನ್ ಮಾಡಿದೆ. ಅವನು ಬಂದು ನೋಡಿ ಏಳುನೂರು ಎಂದ. ಐನೂರೈವತ್ತು ಎಂದೆ. ಆ ಅಂಕಿಯನ್ನು ಯಾಕೆ ಆರಿಸಿದೆನೆಂದು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ತಲೆ ಕೆರೆದುಕೊಂಡು, ನೂರೈವತ್ತು ಪಂಪಿನ ಬಾಡಿಗೆಗೇ ಹೋಗುತ್ತದೆ, ತಳದ ಎಣ್ಣೆ ಎಳೆಯಬೇಕಲ್ಲ ಎಂದ. ನಾನು ಅವನನ್ನು ಟ್ಯಾಂಕಿನ ಬಳಿ ಕರೆದುಕೊಂಡು ಹೋಗಿ ಎಣ್ಣೆಯ ಮಟ್ಟ ತೋರಿಸುವ ಮುಳ್ಳು ತೋರಿಸಿದೆ, ಸೊನ್ನೆಯಲ್ಲಿತ್ತು. ಖಾಲಿ ಟ್ಯಾಂಕಿಗೆ ಪಂಪ್ ಯಾಕೆ ಎಂದೆ. ಅವನು ಎರಡು ಸಲ ಕೇಳಿದ, ನಾನು ಎರಡು ಸಲವೂ ಖಾಲಿ ಎಂದೆ. ಒಪ್ಪಿದ.

ಶನಿವಾರ ಬೆಳಿಗ್ಗೆ ಇಬ್ಬರು ಬಂದರು. ಹಗ್ಗ ಕಟ್ಟಿ ಎಳೆದು ಟ್ಯಾಂಕನ್ನು ವಾಲಿಸಿದರು. ನಾನು ಅಡುಗೆಮನೆಯಲ್ಲಿ ಅವರಿಗೆ ಚಹಾಕ್ಕೆ ಇಟ್ಟು, ಅವ್ವನ ಮಂಚ ಯಾವ ಗೋಡೆಗೆ ಹಾಕಲಿ ಎಂದು ಲೆಕ್ಕ ಹಾಕುತ್ತಿದ್ದೆ. ದೊಡ್ಡ ಬಟ್ಟೆ ಹರಿದಂಥ ಒಂದು ಸದ್ದಾಯಿತು. ತಳ ಬಿಟ್ಟುಕೊಂಡಿತ್ತು. ಮುಳ್ಳು ಯಾವಾಗಲೋ ಸೊನ್ನೆಯಲ್ಲಿ ಸಿಕ್ಕಿಕೊಂಡಿತ್ತೆಂದು ಆಮೇಲೆ ಗೊತ್ತಾಯಿತು. ಒಳಗೆ ಮೊಣಕಾಲುದ್ದ ಎಣ್ಣೆ ಇತ್ತು. ಅದು ಕಲ್ಲುಹಾಸಿನ ಮೇಲೆ ಹರಿದು, ಸಂದಿಗಳಲ್ಲಿ ಇಳಿದು, ಕೋಣೆ ಬರಬೇಕಾದ ಮಣ್ಣಿನೊಳಗೆ ಹೋಯಿತು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತೇ ಇದ್ದೆ.

ವಾಸನೆ ಹತ್ತು ಮನೆ ದಾಟಿ ಹೋಗಿರಬೇಕು. ತಂಗಿ ಹಳೆಯ ಚಾದರ, ಟವೆಲು ಎಲ್ಲ ಬಾಚಿ ಎತ್ತಿಕೊಂಡು ಓಡಿ ಬಂದಳು. ಮಂಡಿಯೂರಿ ಚರಂಡಿಯ ಬಾಯಿಗೆ ಟವೆಲು ತುರುಕಿದಳು, ಅಲ್ಲಿಗೆ ಎಣ್ಣೆ ಹೋದರೆ ಇಡೀ ಬೀದಿಗೆ ತೊಂದರೆ ಎಂಬುದು ಅವಳಿಗೆ ಗೊತ್ತಿತ್ತು. ಆಮೇಲೆ ಎದ್ದು ಯಾರಿಗೋ ಫೋನ್ ಮಾಡಿದಳು. ಒಂದು ಗಂಟೆಯೊಳಗೆ ವ್ಯಾನು ಬಂತು. ಇಳಿದವನು ನಾನು ಕಳ್ಳನೆಂದು ಬೈದಿದ್ದ ಅದೇ ಮುದುಕ. ನನ್ನ ಗುರುತು ಹಿಡಿದ. ಟೋಪಿ ಸರಿಮಾಡಿಕೊಂಡು ಕೆಲಸಕ್ಕೆ ಹತ್ತಿದ.

"ಇಂವನ ಏನು ನಿನ್ನ ಟ್ಯಾಂಕ್ ತೆಗದಾಂವ?" ಎಂದು ಕೇಳಿದೆ.

"ಹೌದಕ್ಕ. ಭಾಳ ಚೊಲೋ ಮನಶ್ಯಾ."

"ನಿನಗ ಆರನೂರು, ನನಗ ಹತ್ತೊಂಬತ್ತನೂರು? ಹೆಂಗ ಆತಿದು? ಏನ ಮೋಡಿ ಹಾಕಿದ್ದಿ ಅಂವಗ?"

ತಂಗಿ ಎಣ್ಣೆಯ ಕೈಗಳನ್ನು ದೂರ ಹಿಡಿದುಕೊಂಡು ನನ್ನನ್ನು ನೋಡಿದಳು. "ಆರನೂರ ಯಾರ ತಗೋತಾರಕ್ಕ? ಎರಡ ಸಾವಿರ ಕೊಟ್ಟೇನಿ ನಾ. ಅವ್ವ ಬಾಜೂಕ ಕುಂತಿದ್ಲಲ್ಲ. ಎರಡ ಸಾವಿರ ಅಂದ್ರ ಆಕಿ ಉಣತಿದ್ಲೇನು?"

ಇದು ಅವ್ವ ನಮ್ಮಿಬ್ಬರಿಗೂ ಕಲಿಸಿದ ವಿದ್ಯೆಯೇ. ಸೀರೆ ಕೊಂಡು ಬಸ್ಸಿನಲ್ಲಿ ಬರುವಾಗ, ಅಪ್ಪನ ಎದುರು ಎಷ್ಟು ಹೇಳಬೇಕೆಂದು ನಮ್ಮಿಬ್ಬರಿಗೂ ಬಾಯಿಪಾಠ ಮಾಡಿಸುತ್ತಿದ್ದಳು. ಐವತ್ತಕ್ಕೆ ಕೊಂಡದ್ದು ಮನೆ ಮುಟ್ಟುವಷ್ಟರಲ್ಲಿ ಹದಿನೆಂಟು ಆಗಿರುತ್ತಿತ್ತು. ನಮ್ಮ ಕಡೆಯ ಯಾವ ಹೆಂಗಸು ಹೇಳಿದ ರೇಟನ್ನೂ ನಾನು ಇವತ್ತಿನವರೆಗೆ ಇದ್ದಂತೆ ನಂಬಿದವಳಲ್ಲ. ಕೂಟಗಳಲ್ಲಿ ಯಾರಾದರೂ ಬಳೆಯ ಬೆಲೆ ಹೇಳಿದರೆ ಮನಸ್ಸಿನಲ್ಲೇ ಇಮ್ಮಡಿ ಮಾಡಿಕೊಳ್ಳುತ್ತೇನೆ. ನನ್ನ ಗಂಡನಿಗೆ ನಾನು ಹೇಳುವ ಬೆಲೆಗಳೂ ಹಾಗೆಯೇ. ತಂಗಿಯ ಆರುನೂರನ್ನು ಮಾತ್ರ ಅಕ್ಷರಶಃ ನಂಬಿದೆ. ಅವಳಿಗೆ ಎಲ್ಲವೂ ಸಲೀಸು, ಎಲ್ಲವೂ ಅಗ್ಗ ಎಂದು ನಂಬಲು ನಾನು ಮೊದಲೇ ತಯಾರಾಗಿ ಕೂತಿದ್ದೆ.

"ನನಗರ ಹೇಳಬೇಕಿತ್ತಲ್ಲ" ಎಂದೆ.

"ನೀ ಕೇಳಲೇ ಇಲ್ಲಲ್ಲ ಅಕ್ಕ" ಎಂದಳು.

ಅಷ್ಟು ಹೊತ್ತಿಗೆ ಅವ್ವ ವಾಕರ್ ತಳ್ಳುತ್ತಾ ಗೇಟಿನ ತನಕ ಬಂದಿದ್ದಳು. ಮೂಗಿಗೆ ಸೆರಗು ಹಿಡಿದು, "ಚಿಮಣಿ ಎಣ್ಣಿ ವಾಸನಿ. ಯಾರ ಚೆಲ್ಲಿದ್ರವಾ?" ಎಂದಳು. ನನಗೆ ಆಗ ಐವತ್ತೆರಡು ವರ್ಷ. ಎಂಟು ವರ್ಷದವಳಂತೆ ತಲೆ ತಗ್ಗಿಸಿ ನಿಂತೆ.

ಆಮೇಲಿನದ್ದು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕೌನ್ಸಿಲಿನವರು ಬಂದರು. ಇನ್ಶೂರೆನ್ಸಿನವರು ಕೆಲಸ ಮಾಡಿದವರ ಸರ್ಟಿಫಿಕೇಟ್ ಕೇಳಿ, ಇಲ್ಲವೆಂದ ಮೇಲೆ ಕೈ ಎತ್ತಿದರು. ಮಣ್ಣನ್ನು ಅಗೆದು ಲಾರಿಗಟ್ಟಲೆ ಹೊರಸಾಗಿಸಿ, ಬೇರೆ ಮಣ್ಣು ತುಂಬಿಸಬೇಕಾಯಿತು. ಒಟ್ಟು ಎಷ್ಟಾಯಿತೆಂದು ಬರೆಯುವುದಿಲ್ಲ. ಬರೆದರೂ ಕಡಿಮೆ ಮಾಡಿಯೇ ಬರೆಯುತ್ತೇನೆ. ನನ್ನ ಗಂಡ ಬ್ಯಾಂಕಿಗೆ ಹೋಗಿ ಬಂದ. ಅವನು ಬೈದಿದ್ದರೆ ಹಗುರಾಗುತ್ತಿತ್ತು.

ನಿಜವಾದ ನಷ್ಟ ಬೇರೆ ಇತ್ತು. ಅಡುಗೆಮನೆಯಲ್ಲಿ ಎಣ್ಣೆಯ ವಾಸನೆ ತಿಂಗಳುಗಟ್ಟಲೆ ಹೋಗಲಿಲ್ಲ. ಅವ್ವನಿಗೆ ಉಬ್ಬಸ, ಜಿಪಿ ಆ ಮನೆಗೆ ಕಾಲಿಡಬೇಡಿ ಎಂದರು. ದಿನಕ್ಕೊಂದು ಗಂಟೆಯಾದರೂ ಬರುತ್ತಿದ್ದ ಅವ್ವ ಅದಕ್ಕೂ ಇಲ್ಲವಾದಳು. ನಾನು ತಂಗಿಯ ಮನೆಗೆ ಹೋಗಿ ಅವಳ ಸೋಫಾದಲ್ಲಿ ನೆಂಟರಂತೆ ಕೂತು ನನ್ನ ಅವ್ವನನ್ನು ನೋಡಿ ಬರಬೇಕಾಯಿತು. ತಂಗಿ ಚಹಾ ತಂದುಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು, ನಾವಿಬ್ಬರೇ ಮಾತಾಡಿಕೊಳ್ಳಲಿ ಎಂದು. ಆ ಒಳ್ಳೆಯತನಕ್ಕೂ ನನಗೆ ಸಿಟ್ಟು ಬರುತ್ತಿತ್ತು. ತನ್ನ ಹತ್ತಿರ ಬೇಕಾದಷ್ಟು ಇರುವವಳು ಧಾರಾಳವಾಗಿರುವುದು ಏನು ದೊಡ್ಡದು ಎಂದುಕೊಳ್ಳುತ್ತಿದ್ದೆ.

ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಕೋಣೆ ಮುಗಿಯಿತು, ಅಷ್ಟರಲ್ಲಿ ವಾಸನೆಯೂ ಹೋಗಿ ಜಿಪಿ ಹೂಂ ಎಂದಿದ್ದರು. ಅಗಲವಾದ ಬಾಗಿಲು, ಹಿಡಿಕೆಗಳಿರುವ ಬಚ್ಚಲು, ಹಿತ್ತಲಿನ ಕಡೆಗೆ ಕಿಟಕಿ. ತಂಗಿಯ ಮನೆಯ ಕೋಣೆಗಿಂತ ಎರಡು ಅಡಿ ಉದ್ದ. ಅಳೆದಿದ್ದೆ. ಒಂದು ಭಾನುವಾರ ಮಧ್ಯಾಹ್ನ ತಂಗಿ ಸೂಟ್‌ಕೇಸು, ಮಾತ್ರೆಯ ಡಬ್ಬಿ, ಕನ್ನಡಕ ಎಲ್ಲ ತಂದಿಟ್ಟು, ಯಾವ ಮಾತ್ರೆ ಯಾವಾಗ ಎಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಚಹಾ ಕೂಡ ಕುಡಿಯದೆ ಹೊರಟುಹೋದಳು. ನೋಡು, ಎಷ್ಟು ಬೇಗ ಕೈ ತೊಳೆದುಕೊಂಡಳು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಹಿತವಾಗಿತ್ತು.

ಸಂಜೆ ಅವ್ವ ಮಂಚದ ಮೇಲೆ ಕೂತಿದ್ದಳು. ನಾನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಇಷ್ಟು ವರ್ಷ ಬೇಡಿದ್ದು ಕೈಯಲ್ಲೇ ಇತ್ತು.

"ಕಡೀಕೂ ಬಂದ್ಯಲ್ಲವಾ ನನ್ನ ಮನೀಗೆ" ಎಂದೆ.

ಅವ್ವ ಗೋಡೆಯ ಹಾಳೆಯನ್ನು ನೋಡುತ್ತಾ, "ಖರೇ ಹೇಳಲೇನು? ನಾ ಬರೂದಿಲ್ಲ ಅಂದಿದ್ದೆ" ಎಂದಳು. "ಈ ವಯಸ್ಸಿನ್ಯಾಗ ಮತ್ತ ಯಾಕ ಗಂಟ ಕಟ್ಟೂದು, ಅಲ್ಲೇ ಹೊಂದಿಕೊಂಡೇನಿ ಅಂದೆ. ನಿನ್ನ ತಂಗಿ ಬಿಡಲಿಲ್ಲ. ಎಂಟ ದಿನ ಹಟಾ ಹಿಡಿದ್ಲು."

ನನ್ನ ಕೈ ನಿಂತಿತು. "ಯಾಕ? ಸಾಕಾಗಿತ್ತೇನು ಆಕಿಗೆ?"

"ಹುಚ್ಚಿ" ಎಂದಳು ಅವ್ವ. "'ನೀ ಹೋಗಲಿಲ್ಲಂದ್ರ ಅಕ್ಕ ನನ್ನ ಜೋಡಿ ಮಾತ ಬಿಡತಾಳ ಯವ್ವಾ. ನನಗ ಅಕ್ಕ ಬೇಕು' ಅಂತ ಅತ್ಲು. ಅದಕ್ಕ ಬಂದೆ."

ನಾನು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟೆ. ಅವ್ವನಿಗಾಗಿ ಅಷ್ಟೊಂದು ಕಿತ್ತಾಡಿದ್ದೆ, ತಂಗಿಗೆ ಗೊತ್ತಿಲ್ಲದಂತೆ ತಂಗಿಯೊಡನೆ. ಈ ಲೆಕ್ಕದಲ್ಲಿ ಯಾರಿಗಾದರೂ ನಾನು ಬೇಕಾಗಿರಬಹುದು ಎಂಬುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಅವಳು ಅತ್ತು ಕೇಳಿದಳು. ನನಗೆ ಹಾಗೆ ಕೇಳಲು ಬರುತ್ತಿರಲಿಲ್ಲವಲ್ಲ ಎಂದು ಆ ಹೊತ್ತಿನಲ್ಲೂ, ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು.

ಫೋನ್ ತೆಗೆದುಕೊಂಡು ಅಡುಗೆಮನೆಗೆ ಹೋದೆ. ತಂಗಿಯ ನಂಬರ್ ಒತ್ತಿದೆ. ಅವಳು "ಅಕ್ಕ?" ಎಂದ ಕೂಡಲೇ, "ಅವ್ವ ಕರಿಯಾಕತ್ತಾಳ, ಲಗೂನ ಬಾ" ಎಂದು ಇಟ್ಟುಬಿಟ್ಟೆ.

ಎರಡೇ ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಬಿಚ್ಚಿದ ಕೂದಲು, ಒಂದೊಂದು ಕಾಲಿಗೆ ಒಂದೊಂದು ಚಪ್ಪಲಿ. ಅತ್ತಿದ್ದಳೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು. ನನ್ನನ್ನು ಸರಿಸಿಕೊಂಡು ಒಳಗೆ ನುಗ್ಗಲು ಬಂದಳು.

"ಏನಾತು ಅವ್ವಗ?"

"ಅವ್ವಗೇನೂ ಆಗಿಲ್ಲ" ಎಂದು ಅವಳ ಕೈ ಹಿಡಿದುಕೊಂಡೆ. "ನಾನs ಕರದೆ."